ಹಿಂದಿನ ಸೀಟಿನ ಟಿವಿ ಮತ್ತು ಅದರ ರಿಮೋಟು: ಊರಿಗೆ ಹೊರಡುವ ಮುನ್ನ ಮನೆಮಂದಿಯೆಲ್ಲ ಕಲಿಯಬೇಕಾದ್ದು

ಹೋದ ಬೇಸಿಗೆ ರಜೆಯಲ್ಲಿ ನಾವು ಮನೆಯವರೆಲ್ಲ ಹಾಸನಕ್ಕೆ ಹೊರಟಿದ್ದೆವು. ಗೊರಗುಂಟೆಪಾಳ್ಯ ದಾಟಿ ತುಮಕೂರು ರಸ್ತೆಗೆ ಬಂದಿದ್ದೆವು. ಹಿಂದಿನಿಂದ ಮಗಳು ಕೂಗಿದಳು. "ಅಪ್ಪಾ, ಸೌಂಡ್ ಬರ್ತಿಲ್ಲ." "ಮೋಡ್ ಒತ್ತು ಪುಟ್ಟಾ" ಎಂದೆ. "ಮೋಡ್ ಯಾವ್ದು?" ಎಂದಳು. ಅಮ್ಮ ರಿಮೋಟನ್ನು ನನ್ನ ಭುಜದ ಹತ್ತಿರ ಚಾಚಿದರು. ನಾನು ತಿರುಗಿ ನೋಡಿದೆ. ಅಷ್ಟರಲ್ಲಿ ಮುಂದಿದ್ದ ಲಾರಿ ಬ್ರೇಕ್ ಹಾಕಿತ್ತು. ನನ್ನ ಗಾಡಿ ನಿಂತಾಗ ಆ ಲಾರಿಯ ಹಿಂದಿನ ನಂಬರ್ ಪ್ಲೇಟು ನಮ್ಮ ಬಾನೆಟ್ಟಿನ ಅಂಚಿಗೆ ಬಂದುಬಿಟ್ಟಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ನೆಲಮಂಗಲ ಬರುವವರೆಗೆ ಗಾಡಿಯಲ್ಲಿ ಒಬ್ಬರೂ ಮಾತಾಡಲಿಲ್ಲ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ರಿಮೋಟಿನಲ್ಲಿ ಒಂದು ಗುಂಡಿ ಹುಡುಕೋಕೆ ಎರಡು ಮೂರು ಸೆಕೆಂಡಾದರೂ ಬೇಕು.

ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ ಇದೆ. ಹಿಂದಿನ ಟಿವಿಯ ಯಾವ ಪ್ರಶ್ನೆಯೂ ಗಾಡಿ ಓಡಿಸುವವರ ಹತ್ತಿರ ಬರಬಾರದು. ಹಾಕೋದು, ಆರಿಸೋದು, ಸೌಂಡ್ ಸರಿ ಮಾಡೋದು, ಸೆಲ್ ಬದಲಿಸೋದು, ಎಲ್ಲವೂ ಹಿಂದಿನ ಸೀಟಿನವರದೇ ಕೆಲಸ. ಹಾಗಾಗಬೇಕಾದರೆ ಅವರಿಗೆ ಅದು ಪೂರ್ತಿ ಗೊತ್ತಿರಬೇಕು, ಅಲ್ವಾ? ಈ ಲೇಖನ ಅದಕ್ಕೇ. ಓದಿ, ಹಿಂದೆ ಕೂರುವವರಿಗೂ ಓದಿಸಿ.

ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆ?

ಅಮೆರಿಕದಲ್ಲಿ ಮಿನಿವ್ಯಾನ್ ಅಂದರೆ ಮಕ್ಕಳಿರುವ ಮನೆಯ ಗಾಡಿ. ಅಲ್ಲಿ 1999ರಲ್ಲೇ ಓಲ್ಡ್ಸ್‌ಮೊಬೀಲ್ ಸಿಲೂಯೆಟ್ ಪ್ರೀಮಿಯರ್ ಅನ್ನೋ ಗಾಡಿಗೆ ಕಂಪನಿಯವರೇ ಮಡಚುವ ಪರದೆ ಮತ್ತು ವಿಡಿಯೊ ಕ್ಯಾಸೆಟ್ ಪ್ಲೇಯರ್ ಕೂಡಿಸಿ ಕೊಟ್ಟಿದ್ದರು. ನಮ್ಮಲ್ಲಿ ಆ ಜಾಗದಲ್ಲಿರೋದು ಏಳೆಂಟು ಸೀಟಿನ ಗಾಡಿಗಳು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ 2005ರಿಂದ ನಮ್ಮ ರಸ್ತೆಯಲ್ಲಿದೆ. 2020ರಲ್ಲಿ ಬಂದ ಕಿಯಾ ಕಾರ್ನಿವಲ್‌ನ ಮೇಲಿನ ಮಾದರಿಯಲ್ಲಿ ಸೀಟಿನ ಬೆನ್ನಿಗೆ 10.1 ಇಂಚಿನ ಎರಡು ಟಚ್ ಪರದೆ ಕೊಟ್ಟಿದ್ದರು. ಅದೇ ವರ್ಷದ ಟೊಯೊಟಾ ವೆಲ್‌ಫೈರ್‌ನಲ್ಲಿ ಚಾವಣಿಯಿಂದ ಇಳಿಯುವ 13 ಇಂಚಿನ ಪರದೆ ಇತ್ತು. ಆದರೆ ಬೆಂಗಳೂರಿನಲ್ಲಿ ಹೆಚ್ಚಿನವರು ಗಾಡಿ ತಗೊಂಡ ಮೇಲೆ ಜೆ.ಸಿ. ರಸ್ತೆಯಲ್ಲೋ ಮನೆ ಹತ್ತಿರದ ಆಕ್ಸೆಸರೀಸ್ ಅಂಗಡಿಯಲ್ಲೋ ಹಾಕಿಸಿಕೊಳ್ಳುತ್ತಾರೆ. ನಮ್ಮದೂ ಹಾಗೆ ಹಾಕಿಸಿದ್ದೇ.

ಒಟ್ಟಿನಲ್ಲಿ ಎರಡು ಬಗೆ. ಒಂದು, ಚಾವಣಿಗೆ ಕೂರಿಸಿದ ಮಡಚುವ ಪರದೆ. ಎಲ್ಲರೂ ಒಂದನ್ನೇ ನೋಡಬೇಕು. ಇದರ ಪಕ್ಕದಲ್ಲೇ ಡಿವಿಡಿ ಹಾಕುವ ಸೀಳು, ಪೆನ್‌ಡ್ರೈವ್ ಚುಚ್ಚುವ ಜಾಗ ಇರುತ್ತವೆ. ಇನ್ನೊಂದು, ಮುಂದಿನ ಎರಡು ಸೀಟುಗಳ ಹೆಡ್‌ರೆಸ್ಟಿಗೋ ಬೆನ್ನಿಗೋ ಕೂರಿಸಿದ ಜೋಡಿ ಪರದೆ. ಇದರಲ್ಲಿ ಒಬ್ಬೊಬ್ಬರು ಒಂದೊಂದು ನೋಡಬಹುದು. ಹೊಸದಾಗಿ ಬರುವ ಜೋಡಿ ಪರದೆಗಳು ಹೆಚ್ಚಾಗಿ ಆಂಡ್ರಾಯ್ಡ್. ಅಂದರೆ ಅದೊಂದು ಟ್ಯಾಬ್ಲೆಟ್ ಇದ್ದಂತೆ.

ನಿಮ್ಮದು ಯಾವುದು ಅಂತ ನೋಡಿಕೊಳ್ಳಿ. ಆಮೇಲೆ ಇನ್ನೊಂದನ್ನೂ ನೋಡಿ: ಅದು ಮುಂದಿನ ಸ್ಟೀರಿಯೊಗೆ ಸೇರಿದೆಯೋ, ತನ್ನ ಪಾಡಿಗೆ ತಾನಿದೆಯೋ? ಇದು ಗೊತ್ತಿಲ್ಲದೆಯೇ ಅರ್ಧ ಗೊಂದಲ ಆಗುವುದು. ಪರೀಕ್ಷೆ ಸುಲಭ. ಮುಂದಿನ ಸ್ಟೀರಿಯೊ ಪೂರ್ತಿ ಆರಿಸಿ. ಹಿಂದಿನ ಪರದೆಯಲ್ಲಿ ಚಿತ್ರ, ಸೌಂಡ್ ಎರಡೂ ಹಾಗೇ ಇದ್ದರೆ ಅದು ಸ್ವತಂತ್ರ. ಚಿತ್ರ ಇದ್ದು ಸೌಂಡ್ ಹೋದರೆ, ಸೌಂಡ್ ಮಾತ್ರ ಮುಂದಿನಿಂದ ಬರುತ್ತಿದೆ. ಎರಡೂ ಹೋದರೆ ಎಲ್ಲವೂ ಮುಂದಿನದರ ಕೈಯಲ್ಲಿದೆ.

ಹಿಂದಿನ ದಿನ, ನಿಂತ ಗಾಡಿಯಲ್ಲಿ

ಹೊರಡುವ ಬೆಳಗ್ಗೆ ಕಲಿಸೋಕೆ ಹೋಗಬೇಡಿ. ಅವತ್ತು ಲಗೇಜು, ತಿಂಡಿ, ಹಾಲು, ಬೀಗ ಅಂತ ಸಾವಿರ ಕೆಲಸ ಇರುತ್ತವೆ. ಹಿಂದಿನ ದಿನ ಸಂಜೆ ಅರ್ಧ ಗಂಟೆ ಸಾಕು. ಹಿಂದೆ ಕೂರುವವರನ್ನು ಅವರವರ ಜಾಗದಲ್ಲೇ ಕೂರಿಸಿ. ನೀವು ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡುತ್ತಾ ಇರಿ.

ಕೀಲಿಯನ್ನು ಎಸಿಸಿ ಅನ್ನೋ ಜಾಗಕ್ಕೆ ತಿರುಗಿಸಿ. ಇಂಜಿನ್ ಶುರುವಾಗುವುದಿಲ್ಲ, ಆದರೆ ಸ್ಟೀರಿಯೊಗೆ ಕರೆಂಟು ಬರುತ್ತದೆ. ಬಟನ್ ಸ್ಟಾರ್ಟ್ ಗಾಡಿಯಾದರೆ ಬ್ರೇಕ್ ಒತ್ತದೆ ಬಟನ್ ಮಾತ್ರ ಒಮ್ಮೆ ಒತ್ತಿದರೆ ಸಾಮಾನ್ಯವಾಗಿ ಇದೇ ಸ್ಥಿತಿಗೆ ಬರುತ್ತದೆ. ಈಗ ಹಿಂದಿನವರು ಪರದೆಯನ್ನು ನಿಧಾನವಾಗಿ ಕೆಳಗೆ ಇಳಿಸಲಿ. ಮೊದಲು ಕೊಂಡಿಯ ಗುಂಡಿ ಒತ್ತಿ, ಕೈಯಲ್ಲಿ ಹಿಡಿದೇ ಇಳಿಸಬೇಕು. ಜೋರಾಗಿ ಬಿಟ್ಟರೆ ಕೀಲು ಸಡಿಲವಾಗಿ, ಮುಂದೆ ಹಂಪ್ ಬಂದಾಗಲೆಲ್ಲ ಪರದೆ ಅಲ್ಲಾಡುತ್ತದೆ. ಪವರ್ ಒತ್ತಿ. ಹತ್ತಿಪ್ಪತ್ತು ಸೆಕೆಂಡು ಕಾಯಿರಿ. ಆಂಡ್ರಾಯ್ಡ್ ಆದರೆ ಇನ್ನೂ ಸ್ವಲ್ಪ ಹೊತ್ತು ಬೇಕು. ಮಕ್ಕಳು ತಾಳ್ಮೆ ಕೆಟ್ಟು ಮತ್ತೆ ಮತ್ತೆ ಪವರ್ ಒತ್ತುತ್ತಾರೆ. ಎರಡನೇ ಸಲ ಒತ್ತಿದರೆ ಅದು ಆರುತ್ತದೆ. "ಒಂದೇ ಸಲ ಒತ್ತು, ಆಮೇಲೆ ಇಪ್ಪತ್ತು ಎಣಿಸು" ಅಂತ ಹೇಳಿಕೊಡಿ.

ಎರಡು ಎಚ್ಚರಿಕೆ. ಇಂಜಿನ್ ಆರಿಸಿ ಎಸಿಸಿಯಲ್ಲೇ ತುಂಬಾ ಹೊತ್ತು ನೋಡಬೇಡಿ. ಪರದೆ, ಸ್ಟೀರಿಯೊ, ಒಳಗಿನ ದೀಪ ಎಲ್ಲ ಸೇರಿ ಗಾಡಿಯ 12 ವೋಲ್ಟ್ ಬ್ಯಾಟರಿಯನ್ನು ತಿನ್ನುತ್ತಿರುತ್ತವೆ. ಬ್ಯಾಟರಿ ಹಳೆಯದಾಗಿದ್ದರೆ ಅರ್ಧ ಗಂಟೆಯ ಮೇಲೆ ಹೋಗಲೇಬೇಡಿ. ಇನ್ನೊಂದು ಇದಕ್ಕಿಂತ ದೊಡ್ಡದು. ಬ್ಯಾಟರಿ ಹೋಗುತ್ತೆ ಅಂತ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇಂಜಿನ್ ಹಾಕಿಕೊಂಡು ಕೂರಬೇಡಿ. ಗಾಳಿಯಾಡದ ಜಾಗದಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಡಿಯನ್ನು ಹೊರಗೆ ತಂದು ಕಲಿಯಿರಿ.

ರಿಮೋಟು

ಹಿಂದಿನ ಟಿವಿಯ ತೊಂದರೆಗಳಲ್ಲಿ ಹೆಚ್ಚಿನವು ಟಿವಿಯವಲ್ಲ, ರಿಮೋಟಿನವು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಇಂಥ ರಿಮೋಟು ಕೆಲಸ ಮಾಡುವುದು ಇನ್‌ಫ್ರಾರೆಡ್ ಬೆಳಕಿನಿಂದ. ಅದರ ಮೂತಿಯಲ್ಲಿರುವ ಸಣ್ಣ ಬಲ್ಬು ಕಣ್ಣಿಗೆ ಕಾಣದ ಬೆಳಕನ್ನು ಮಿಟುಕಿಸುತ್ತದೆ. ಪರದೆಯ ಚೌಕಟ್ಟಿನಲ್ಲಿರುವ ಕಪ್ಪು ಚುಕ್ಕೆಯಂಥ ಕಣ್ಣು ಅದನ್ನು ಓದುತ್ತದೆ. ಬೆಳಕು ಅಂದಮೇಲೆ ಅಡ್ಡ ಏನಾದರೂ ಬಂದರೆ ಮುಗಿಯಿತು. ಮೂರನೇ ಸಾಲಿನಲ್ಲಿ ಕೂತವರು ಒತ್ತಿದಾಗ ಮಧ್ಯದ ಸಾಲಿನವರ ತಲೆ ಅಡ್ಡ ಬರುತ್ತದೆ. ಹೆಡ್‌ರೆಸ್ಟಿಗೆ ನೇತುಹಾಕಿದ ಚೀಲ, ಒಣಗಲು ಹಾಕಿದ ಟವೆಲ್ಲು ಕೂಡ ಅಡ್ಡವೇ. ಹಾಗಾಗಿ ಮೊದಲನೇ ಪಾಠ: ಆ ಕಪ್ಪು ಕಣ್ಣು ಎಲ್ಲಿದೆ ಅಂತ ಹಿಂದಿನವರಿಗೆ ಬೆರಳಿಟ್ಟು ತೋರಿಸಿ. ರಿಮೋಟಿನ ಮೂತಿ ಅದರ ಕಡೆಗೇ ಇರಬೇಕು. ಚಾವಣಿಯ ಪರದೆಯಾದರೆ ಕೈಯನ್ನು ಸ್ವಲ್ಪ ಮೇಲಕ್ಕೆತ್ತಿ ಒತ್ತಬೇಕು.

ಬಿಸಿಲೂ ತೊಂದರೆ ಕೊಡುತ್ತದೆ. ಸೂರ್ಯನ ಬೆಳಕಿನಲ್ಲೂ ಇನ್‌ಫ್ರಾರೆಡ್ ಜಾಸ್ತಿ ಇರುತ್ತದೆ. ಚಾವಣಿಯ ಪರದೆ ಹಿಂದಕ್ಕೆ ಮುಖ ಮಾಡಿರುವುದರಿಂದ ಅದರ ಕಣ್ಣು ಹಿಂದಿನ ಗಾಜಿನ ಕಡೆಗೆ ನೋಡುತ್ತದೆ. ಮೈಸೂರಿನಿಂದ ಸಂಜೆ ವಾಪಸ್ ಬರುವಾಗ ಸೂರ್ಯ ನಮ್ಮ ಬೆನ್ನಿಗಿರುತ್ತಾನೆ. ಬಿಸಿಲು ನೇರವಾಗಿ ಆ ಕಣ್ಣಿಗೇ ಬೀಳುತ್ತದೆ. ಹೋಗುವಾಗ ಚೆನ್ನಾಗಿದ್ದ ರಿಮೋಟು ಬರುವಾಗ ಸತ್ತಂತಾಗುವುದಕ್ಕೆ ಇದೂ ಒಂದು ಕಾರಣ. ಸೆಲ್ ಬದಲಿಸುವ ಮೊದಲು, ಅಂಗೈಯಿಂದ ಕಣ್ಣಿಗೆ ನೆರಳು ಮಾಡಿ ಹತ್ತಿರದಿಂದ ಒಮ್ಮೆ ಒತ್ತಿ ನೋಡಿ.

ಆಮೇಲೆ ಸೆಲ್. ತೆಳ್ಳಗಿನ ಕಾರ್ಡಿನಂಥ ರಿಮೋಟಿಗೆ ಬಟನ್ ಸೆಲ್ ಹಾಕುತ್ತಾರೆ. ಹೆಚ್ಚಾಗಿ ಸಿಆರ್2025. ಈ ಸಂಖ್ಯೆಗೆ ಅರ್ಥ ಇದೆ: ಅಗಲ 20 ಮಿಲಿಮೀಟರ್, ದಪ್ಪ 2.5 ಮಿಲಿಮೀಟರ್. ಅಂಗಡಿಯಲ್ಲಿ ಇದೇ ಅಗಲದ ಸಿಆರ್2032 ಕೊಟ್ಟುಬಿಡಬಹುದು. ಅದು 3.2 ಮಿಲಿಮೀಟರ್ ದಪ್ಪ, ಒಳಗೆ ಕೂರುವುದಿಲ್ಲ. ಹಳೇ ಸೆಲ್ ತೆಗೆದುಕೊಂಡು ಹೋಗಿ ತೋರಿಸಿ ತನ್ನಿ. ಹೊಸ ರಿಮೋಟಾದರೆ ಸೆಲ್ ಮತ್ತು ಲೋಹದ ನಡುವೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿರುತ್ತಾರೆ. ಅದನ್ನು ಎಳೆದು ತೆಗೆಯದಿದ್ದರೆ ಏನೂ ಆಗುವುದಿಲ್ಲ. ಪ್ಲಸ್ ಗುರುತು ಕಾಣುವ ಬದಿ ಮೇಲೆ ಬರಬೇಕೋ ಕೆಳಗೋ ಅಂತ ಸೆಲ್ ಕೂರುವ ತಟ್ಟೆಯ ಮೇಲೇ ಬರೆದಿರುತ್ತದೆ.

ಇಲ್ಲಿ ಒಂದು ಮಾತು ಬಿಡುವ ಹಾಗಿಲ್ಲ. ಬಟನ್ ಸೆಲ್ಲನ್ನು ಸಣ್ಣ ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ. ಗಂಟಲಿನ ಕೆಳಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟುಬಿಡುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ನೇರ ಆಸ್ಪತ್ರೆಗೆ ಹೋಗಿ. ಸೆಲ್ ತಟ್ಟೆ ಸಡಿಲವಾಗಿದ್ದರೆ ಟೇಪ್ ಸುತ್ತಿಬಿಡಿ. ಐದು ವರ್ಷದೊಳಗಿನ ಮಕ್ಕಳಿದ್ದರೆ ರಿಮೋಟು ದೊಡ್ಡವರ ಕೈಯಲ್ಲೇ ಇರಲಿ.

ರಿಮೋಟು ಸತ್ತಿದೆಯೋ ಟಿವಿ ಸತ್ತಿದೆಯೋ ಅಂತ ತಿಳಿಯಬೇಕಾ? ಫೋನಿನ ಕ್ಯಾಮೆರಾ ತೆರೆಯಿರಿ. ಸೆಲ್ಫಿ ಕ್ಯಾಮೆರಾ ಇನ್ನೂ ಒಳ್ಳೆಯದು, ಏಕೆಂದರೆ ಹಿಂದಿನ ಕ್ಯಾಮೆರಾಗಳು ಎಷ್ಟೋ ಸಲ ಈ ಬೆಳಕನ್ನು ಸೋಸಿಬಿಡುತ್ತವೆ. ರಿಮೋಟಿನ ಮೂತಿಯನ್ನು ಕ್ಯಾಮೆರಾಗೆ ಹಿಡಿದು ಒಂದು ಗುಂಡಿ ಒತ್ತಿ. ಫೋನಿನಲ್ಲಿ ತಿಳಿ ನೇರಳೆಯೋ ಬಿಳಿಯೋ ಮಿಣುಕು ಕಂಡರೆ ರಿಮೋಟು ಬದುಕಿದೆ. ಕಾಣದಿದ್ದರೆ ಸೆಲ್ ಬದಲಿಸಿ. ನಮ್ಮ ಅಮ್ಮನಿಗೆ ಈಗ ಇದು ಚೆನ್ನಾಗಿ ಬರುತ್ತದೆ.

ರಿಮೋಟು ಮಿಣುಕುತ್ತಿದೆ, ಪರದೆ ಮಾತ್ರ ಕೇಳುತ್ತಿಲ್ಲ ಅಂದರೆ ಮುಂದಿನ ಸ್ಟೀರಿಯೊದಲ್ಲಿ ರಿಯರ್ ಲಾಕ್ ಹಾಕಿದ್ದಾರಾ ನೋಡಿ. ಮಕ್ಕಳು ಆಡದಿರಲಿ ಅಂತ ಕೆಲವು ಗಾಡಿಗಳಲ್ಲಿ ಈ ಬೀಗ ಕೊಟ್ಟಿರುತ್ತಾರೆ. ಹಾಕಿ ಮರೆತಿರುತ್ತೇವೆ. ಇದು ಮುಂದಿನವರು ಮಾಡಬೇಕಾದ ಕೆಲಸವಾದ್ದರಿಂದ ಹೊರಡುವ ಮೊದಲೇ ತೆಗೆದಿಡಿ.

ಜೋಡಿ ಪರದೆಯಿರುವವರಿಗೆ ಇನ್ನೊಂದು ಗೊಂದಲ. ಎರಡಕ್ಕೂ ಒಂದೇ ಬಗೆಯ ರಿಮೋಟಾದರೆ, ಒಬ್ಬರು ಒತ್ತಿದಾಗ ಎರಡೂ ಬದಲಾಗುತ್ತವೆ. ಆಗ ಅಕ್ಕ ತಮ್ಮನ ನಡುವೆ ಜಗಳ ಗ್ಯಾರಂಟಿ. ಕೆಲವು ರಿಮೋಟುಗಳಲ್ಲಿ 1, 2 ಅಂತ ಯಾವ ಪರದೆ ಬೇಕೋ ಅದನ್ನು ಆಯ್ಕೆ ಮಾಡುವ ಸ್ವಿಚ್ಚೇ ಇರುತ್ತದೆ. ಅದಿಲ್ಲದಿದ್ದರೆ ರಿಮೋಟನ್ನು ನಿಮ್ಮ ಪರದೆಗೆ ಗೇಣು ದೂರ ತಂದು ಒತ್ತಿ, ಪಕ್ಕದ ಪರದೆಯ ಕಣ್ಣನ್ನು ಅವರೇ ಅಂಗೈಯಿಂದ ಮುಚ್ಚಿಕೊಳ್ಳಲಿ.

ಇನ್ನು ಗುಂಡಿಗಳು. ರಿಮೋಟಿನಲ್ಲಿ ಮೂವತ್ತು ನಲವತ್ತು ಇರುತ್ತವೆ. ದಾರಿಯಲ್ಲಿ ಬೇಕಾಗೋದು ಏಳೆಂಟು ಮಾತ್ರ. ಪವರ್ ಗೊತ್ತೇ ಇದೆ. ಎಲ್ಲಕ್ಕಿಂತ ಮುಖ್ಯವಾದದ್ದು ಸೋರ್ಸ್. ಕೆಲವದರಲ್ಲಿ ಅದನ್ನೇ ಮೋಡ್ ಅಂತ ಬರೆದಿರುತ್ತಾರೆ. ಇದು "ಎಲ್ಲಿಂದ ತೋರಿಸಲಿ?" ಅಂತ ಕೇಳುವ ಗುಂಡಿ. ಡಿಸ್ಕಿನಿಂದಲೋ, ಯುಎಸ್‌ಬಿಯಿಂದಲೋ, ಎವಿ ತಂತಿಯಿಂದಲೋ, ಎಚ್‌ಡಿಎಂಐಯಿಂದಲೋ. ಒಂದೊಂದು ಸಲ ಒತ್ತಿದಾಗ ಒಂದೊಂದಕ್ಕೆ ಹೋಗುತ್ತದೆ. "ನೋ ಡಿಸ್ಕ್", "ನೋ ಸಿಗ್ನಲ್" ಅಂತ ಬಂದರೆ ಹೆದರಬೇಡಿ. ಏನೂ ಕೆಟ್ಟಿಲ್ಲ. ಸುಮ್ನೆ ತಪ್ಪು ಬಾಗಿಲು ತಟ್ಟಿದ್ದೀರಿ ಅಷ್ಟೇ. ಸೋರ್ಸ್ ಒತ್ತುತ್ತಾ ಹೋಗಿ.

ಬಾಣದ ಗುರುತುಗಳು ಪಟ್ಟಿಯಲ್ಲಿ ಮೇಲೆ ಕೆಳಗೆ ಹೋಗೋಕೆ, ನಡುವಿನ ಎಂಟರ್ ಬೇಕಾದ್ದನ್ನು ಆಯ್ಕೆ ಮಾಡೋಕೆ. ಎಷ್ಟೋ ಜನ ಎಂಟರ್ ಬದಲು ಪ್ಲೇ ಒತ್ತಿ ಕಾಯುತ್ತಾರೆ. ಪಟ್ಟಿಯಲ್ಲಿ ಎಂಟರ್ ಒತ್ತುವುದೇ ಖಾತ್ರಿ. ಆಡಿಯೊ ಅನ್ನೋ ಗುಂಡಿ ವಾಲ್ಯೂಮ್ ಅಲ್ಲ, ಅದು ಭಾಷೆ ಬದಲಿಸುತ್ತದೆ. ಕನ್ನಡದಲ್ಲಿ ಬರುತ್ತಿದ್ದ ಕಾರ್ಟೂನು ಇದ್ದಕ್ಕಿದ್ದಂತೆ ಹಿಂದಿಗೆ ಹೋದರೆ ಯಾರೋ ಇದನ್ನು ಒತ್ತಿದ್ದಾರೆ. ಮತ್ತೆ ಮತ್ತೆ ಒತ್ತಿದರೆ ಸುತ್ತು ಹೊಡೆದು ಕನ್ನಡಕ್ಕೆ ಬರುತ್ತದೆ. ಸೆಟಪ್ ಗುಂಡಿಯನ್ನು ದಾರಿಯಲ್ಲಿ ಮುಟ್ಟಲೇಬೇಡಿ ಅಂತ ಮಕ್ಕಳಿಗೆ ಹೇಳಿ.

ಅಮ್ಮನಿಗಾಗಿ ನಾವು ಮಾಡಿದ್ದು ಇದು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಣ್ಣದ ಚುಕ್ಕಿ ಸ್ಟಿಕ್ಕರ್ ತಂದು ಅಂಟಿಸಿದೆವು. ಪವರಿಗೆ ಕೆಂಪು, ಸೋರ್ಸಿಗೆ ಹಳದಿ, ಎಂಟರಿಗೆ ಹಸಿರು, ಮ್ಯೂಟಿಗೆ ನೀಲಿ. "ಕೆಂಪು ಒತ್ತಿ, ಹಳದಿ ಒತ್ತಿ, ಹಸಿರು ಒತ್ತಿ." ಅಷ್ಟೇ ಪಾಠ. ಅಮ್ಮನಿಗೆ ಇಂಗ್ಲಿಷ್ ಓದೋಕೆ ಬರುವುದಿಲ್ಲ. ಆದರೂ ಈಗ ಗಾಡಿಯಲ್ಲಿ ರಿಮೋಟು ಇರುವುದು ಅವರ ಹತ್ತಿರವೇ. ಹಿಂದೆ ಕೂರುವವರು ಬಿಡುವಿನಲ್ಲಿ ಕಲಿತುಕೊಳ್ಳಲಿ ಅಂತ ಬಿಟ್ಟರೆ ಆಗುವುದಿಲ್ಲ. ಅವರಿಗೆ ಹೊಂದುವ ಹಾಗೆ ರಿಮೋಟನ್ನು ನಾವೇ ಸಿದ್ಧಮಾಡಿಕೊಡಬೇಕು.

ಸೌಂಡ್ ಎಲ್ಲಿಂದ ಬರಬೇಕು?

ಗಾಡಿಯ ಸ್ಪೀಕರಿನಲ್ಲೇ ಬಂದರೆ ಎಲ್ಲರೂ ಕೇಳಬಹುದು. ಆದರೆ ಓಡಿಸುವವರಿಗೆ ಹಾರ್ನು, ಆಂಬುಲೆನ್ಸು ಕೇಳಿಸುವಷ್ಟು ಮೆಲ್ಲಗಿರಬೇಕು. ನನ್ನ ಮಟ್ಟಿಗೆ ಹೆಡ್‌ಫೋನೇ ಒಳ್ಳೆಯದು.

ಸೆಟ್ಟಿನ ಜೊತೆ ಬರುವ ತಂತಿಯಿಲ್ಲದ ಹೆಡ್‌ಫೋನುಗಳು ಹೆಚ್ಚಾಗಿ ಇನ್‌ಫ್ರಾರೆಡ್‌ನವೇ. ರಿಮೋಟಿನ ನಿಯಮವೇ ಇದಕ್ಕೂ. ತಲೆ ಬಗ್ಗಿಸಿ ತಿಂಡಿ ಡಬ್ಬ ಹುಡುಕಿದರೆ ಸೌಂಡ್ ಕಟ್ಟಾಗುತ್ತದೆ, ತಲೆ ಎತ್ತಿದರೆ ಬರುತ್ತದೆ. ಇದು ಬ್ಲೂಟೂತ್ ಅಲ್ಲ, ಫೋನಿಗೆ ಜೋಡಿಸೋಕೆ ಹೋಗಬೇಡಿ. ಅದರ ಪಕ್ಕದಲ್ಲಿ ಎ, ಬಿ ಅನ್ನೋ ಸಣ್ಣ ಸ್ವಿಚ್ಚು ಇರುತ್ತದೆ. ಪರದೆ ಎ ಚಾನೆಲ್‌ನಲ್ಲಿ ಕಳಿಸುತ್ತಿದ್ದು ಹೆಡ್‌ಫೋನು ಬಿಯಲ್ಲಿದ್ದರೆ ಬರೀ ಸುಯ್ ಅನ್ನುತ್ತದೆ. ನಮ್ಮ ಮಗಳಿಗೆ ಆವತ್ತು ಸೌಂಡ್ ಬರದೇ ಇದ್ದದ್ದು ಇದಕ್ಕೇ. ಅಷ್ಟು ಸಣ್ಣ ಸ್ವಿಚ್ಚಿಗೆ ನಾನು ರಸ್ತೆಯಿಂದ ಕಣ್ಣು ತೆಗೆದಿದ್ದೆ.

ಹೆಡ್‌ಫೋನಿನಲ್ಲಿ ಎಡ ಬಲ ನೋಡಿ ಹಾಕಿಕೊಳ್ಳಿ. ಕೆಲವದರಲ್ಲಿ ಬೆಳಕು ಹಿಡಿಯುವ ಕಣ್ಣು ಒಂದು ಬದಿಗೆ ತಿರುಗಿರುತ್ತದೆ. ಆಯಿತು ಅಂದ ಮೇಲೆ ಅದರ ಸ್ವಿಚ್ಚನ್ನೂ ಆರಿಸಿ. ಟಿವಿ ಮಾತ್ರ ಆರಿಸಿದರೆ ಹೆಡ್‌ಫೋನಿನ ಸೆಲ್ ಉಳಿಯುವುದಿಲ್ಲ.

ಹಾಕಿಸಿದ ಪರದೆಗಳಲ್ಲಿ ಎಫ್‌ಎಂ ಮೂಲಕ ಗಾಡಿಯ ಸ್ಪೀಕರಿಗೆ ಸೌಂಡ್ ಕಳಿಸುವ ಸೌಕರ್ಯ ಇರುತ್ತದೆ. ಪರದೆಯಲ್ಲಿ ಒಂದು ಸಂಖ್ಯೆ, ಮುಂದಿನ ರೇಡಿಯೊದಲ್ಲೂ ಅದೇ ಸಂಖ್ಯೆ. ಬೆಂಗಳೂರಿನಲ್ಲಿ ಖಾಲಿ ಜಾಗ ಸಿಗುವುದೇ ಕಷ್ಟ. 91ರಿಂದ 95ರವರೆಗೆ ಸ್ಟೇಷನ್‌ಗಳು ಒತ್ತೊತ್ತಾಗಿವೆ. 101.3ರಲ್ಲಿ ಆಕಾಶವಾಣಿಯ ಕಾಮನಬಿಲ್ಲು, 102.9ರಲ್ಲಿ ವಿವಿಧ ಭಾರತಿ. ನಾವು 88ರ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತೇವೆ. ಇಲ್ಲಿ ಖಾಲಿಯಿದ್ದದ್ದು ಇನ್ನೊಂದು ಊರಿನಲ್ಲಿ ತುಂಬಿರಬಹುದು. ಉದಾಹರಣೆಗೆ ಮೈಸೂರು ಆಕಾಶವಾಣಿ 100.6ರಲ್ಲಿದೆ. ಆ ಸಂಖ್ಯೆ ಇಟ್ಟುಕೊಂಡು ಹೊರಟರೆ ಮಂಡ್ಯ ದಾಟುವ ಹೊತ್ತಿಗೆ ಕಾರ್ಟೂನಿನ ಮೇಲೆ ವಾರ್ತೆ ಬರೋಕೆ ಶುರುವಾಗುತ್ತದೆ.

ಮಕ್ಕಳ ಕಿವಿಯ ವಿಷಯ. ವಾರಕ್ಕೆ 40 ಗಂಟೆ ಕೇಳುವುದಾದರೆ ದೊಡ್ಡವರಿಗೆ 80 ಡೆಸಿಬಲ್, ಮಕ್ಕಳಿಗೆ 75 ಡೆಸಿಬಲ್ ಮೀರಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಗಾಡಿಯಲ್ಲಿ ಡೆಸಿಬಲ್ ಅಳೆಯೋಕೆ ಆಗುತ್ತದಾ? ನಾನು ಮಾಡುವುದು ಇಷ್ಟು. ಮಗಳು ಹೆಡ್‌ಫೋನ್ ಹಾಕಿಕೊಂಡಿರುವಾಗ ಪಕ್ಕದಲ್ಲಿರುವ ಅಜ್ಜಿ ಮಾಮೂಲಿ ದನಿಯಲ್ಲಿ ಹೆಸರು ಕರೆಯುತ್ತಾರೆ. ತಿರುಗಿ ನೋಡದಿದ್ದರೆ ಸೌಂಡ್ ಜಾಸ್ತಿಯಾಗಿದೆ.

ಪೆನ್‌ಡ್ರೈವ್ ತುಂಬಿಸುವುದು

ಮನೆಯ ಟಿವಿಯಲ್ಲಿ ಓಡಿದ್ದು ಗಾಡಿಯಲ್ಲಿ ಓಡುತ್ತದೆ ಅಂತ ನಂಬಬೇಡಿ. ಹಳೇ ಪ್ಲೇಯರುಗಳು ಫ್ಯಾಟ್32 ಅನ್ನೋ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವನ್ನೇ ಕೇಳುತ್ತವೆ. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ಇಳಿಸಿಕೊಳ್ಳಿ. ಫ್ಯಾಟ್32ರಲ್ಲಿ ಒಂದೊಂದು ಫೈಲು 4 ಜಿಬಿಗಿಂತ ಕಡಿಮೆ ಇರಬೇಕು. ದೊಡ್ಡ ಫೈಲು ಕಾಪಿಯೇ ಆಗುವುದಿಲ್ಲ.

ಫೈಲು ಎಂಪಿ4 ಆಗಿದ್ದು, ಒಳಗಿನ ವಿಡಿಯೊ ಎಚ್.264 ಅನ್ನೋ ಬಗೆಯದ್ದಾಗಿದ್ದರೆ ಸುಮಾರು ಎಲ್ಲ ಹೊಸ ಪ್ಲೇಯರಿನಲ್ಲೂ ಓಡುತ್ತದೆ. ಈಗಿನ ಎಷ್ಟೋ ಫೋನುಗಳು ಎಚ್.265ರಲ್ಲಿ ರೆಕಾರ್ಡ್ ಮಾಡುತ್ತವೆ. ಅದನ್ನು ಹಾಕಿದರೆ ಸೌಂಡ್ ಬಂದು ಪರದೆ ಕಪ್ಪಾಗಿರಬಹುದು. ತಿರುಗಾಮುರುಗಾ ಆದರೆ, ಅಂದರೆ ಚಿತ್ರ ಬಂದು ಸೌಂಡ್ ಇಲ್ಲದಿದ್ದರೆ, ಆ ಫೈಲಿನ ಸೌಂಡ್ ಆ ಪ್ಲೇಯರಿಗೆ ಅರ್ಥವಾಗದ ಬಗೆಯದು. ಎರಡಕ್ಕೂ ಮದ್ದು ಒಂದೇ: ಕಂಪ್ಯೂಟರಿನಲ್ಲಿ ವಿಎಲ್‌ಸಿ, ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ವಿಡಿಯೊವನ್ನು ಎಚ್.264ಕ್ಕೆ, ಸೌಂಡನ್ನು ಎಎಸಿ ಅನ್ನೋ ಬಗೆಗೆ ಬದಲಿಸಿಕೊಳ್ಳಿ. ತುಂಬಾ ಹಳೇ ಡಿವಿಡಿ ಪ್ಲೇಯರಾದರೆ ಅದಕ್ಕೆ ಎಂಪಿ4 ಕೂಡ ಗೊತ್ತಿರುವುದಿಲ್ಲ, ಎಂಪೆಗ್ ಅನ್ನೋ ಹಳೇ ಬಗೆಯೇ ಬೇಕು.

ಫೈಲಿನ ಹೆಸರನ್ನು ಕನ್ನಡದಲ್ಲಿ ಇಟ್ಟರೆ ಹಳೇ ಪ್ಲೇಯರಿನ ಪರದೆಯಲ್ಲಿ ಬರೀ ಚೌಕಗಳು ಕಾಣುತ್ತವೆ. ನನಗೆ ಇದು ಬೇಜಾರಿನ ವಿಷಯ, ಆದರೆ ದಾರಿ ಇಲ್ಲ. ಮುಂದೆ 01, 02 ಅಂತ ಸಂಖ್ಯೆ ಹಾಕಿ. ಸಂಖ್ಯೆ ಹೇಳಿದರೆ ಅಮ್ಮನೂ ಹುಡುಕುತ್ತಾರೆ, ಐದು ವರ್ಷದ ಮಗನೂ ಹುಡುಕುತ್ತಾನೆ. 01ರಿಂದ 05 ಅಜ್ಜಿಯ ಯಕ್ಷಗಾನ, 06ರಿಂದ ಮಕ್ಕಳದು. ಜೊತೆಗೆ ಮನೆಯ ಮದುವೆ, ನಾಮಕರಣದ ವಿಡಿಯೊಗಳನ್ನೂ ಹಾಕಿ. ನಮ್ಮ ಗಾಡಿಯಲ್ಲಿ ಅತಿ ಜಾಸ್ತಿ ಓಡಿರುವುದು ತಂಗಿಯ ಮದುವೆ.

ಡಿಸ್ಕ್ ಬಳಸುವವರು ಒಂದು ನೆನಪಿಡಿ. ಡಿವಿಡಿಗೆ ಪ್ರದೇಶದ ಸಂಖ್ಯೆ ಇರುತ್ತದೆ. ಭಾರತದ್ದು 5, ಅಮೆರಿಕದ್ದು 1. ಅಲ್ಲಿಂದ ಅಣ್ಣನೋ ಅಕ್ಕನೋ ತಂದುಕೊಟ್ಟ ಡಿಸ್ಕ್ ಇಲ್ಲಿ ಓಡದಿದ್ದರೆ ಕಾರಣ ಇದೇ. ಡಿಸ್ಕನ್ನು ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಬಿಟ್ಟರೆ ಬಾಗಿಹೋಗಬಹುದು.

ಫೋನಿನ ಹಾಟ್‌ಸ್ಪಾಟಿನಿಂದ ಆನ್‌ಲೈನ್ ನೋಡುತ್ತೇವೆ ಅನ್ನುವವರಿಗೆ ಎಕ್ಸ್‌ಪ್ರೆಸ್‌ವೇನಲ್ಲಿ ಏನೂ ತೊಂದರೆಯಾಗದೇ ಇರಬಹುದು. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಆಂಡ್ರಾಯ್ಡ್ ಪರದೆಯಾದರೆ ಮನೆಯ ವೈಫೈ ಸಿಗುವಲ್ಲಿ ನಿಲ್ಲಿಸಿ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಘಾಟಿ ಬಂತು ಅಂದರೆ ಆರಿಸಿ

ತಿರುವಿನ ರಸ್ತೆಯಲ್ಲಿ ಪರದೆ ನೋಡಿದರೆ ವಾಂತಿ ಬರುತ್ತದೆ. ಕಿವಿಯೊಳಗಿನ ಸಮತೋಲನದ ಅಂಗ "ತಿರುಗುತ್ತಿದ್ದೇವೆ" ಅನ್ನುತ್ತದೆ, ಪರದೆಗೆ ಅಂಟಿದ ಕಣ್ಣು "ಸುಮ್ಮನೆ ಕೂತಿದ್ದೇವೆ" ಅನ್ನುತ್ತದೆ. ಮಿದುಳಿಗೆ ಈ ಎರಡು ಮಾತು ಹೊಂದುವುದಿಲ್ಲ. ಮಕ್ಕಳಿಗೆ ಇದು ಇನ್ನೂ ಜಾಸ್ತಿ. ಸಕಲೇಶಪುರ ದಾಟಿದ ಮೇಲೆ ನಮ್ಮ ಗಾಡಿಯಲ್ಲಿ ಪರದೆ ಮೇಲಕ್ಕೆ ಹೋಗಲೇಬೇಕು. ಕಿಟಕಿಯಾಚೆ ಕಾಡು, ಮಂಜು, ರೈಲು ಸೇತುವೆ ಎಲ್ಲ ಇವೆ, ಮಕ್ಕಳು ಅದನ್ನು ನೋಡಲಿ. ಬಯಲಿನಲ್ಲೂ ಗಂಟೆಗೊಮ್ಮೆ ಹತ್ತು ನಿಮಿಷ ಆರಿಸಿ. ಯಾರಾದರೂ ಆಕಳಿಸುತ್ತಾ, ಬೆವರುತ್ತಾ, ಮಾತು ಕಡಿಮೆ ಮಾಡಿದರೆ ವಾಂತಿ ಹತ್ತಿರದಲ್ಲಿದೆ ಅಂತ ತಿಳಿದು ತಕ್ಷಣ ಆರಿಸಿ.

ಅಂಗಡಿಯಲ್ಲಿ ಹಾಕಿಸುವವರಿಗೆ

ನಾಲ್ಕು ಮಾತು ಮೊದಲೇ ಕೇಳಿ. ಚಾವಣಿಯ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ (ಡಿಕ್ಕಿಯಾದಾಗ ಕಿಟಕಿಯ ಮೇಲೆ ಉಬ್ಬಿ ಇಳಿಯುವ ಗಾಳಿಚೀಲ) ಇದೆಯಾ, ಅದನ್ನು ತಪ್ಪಿಸಿ ವೈರ್ ಎಳೆಯುತ್ತೀರಾ? ಬೇರೆ ಫ್ಯೂಸ್ ಹಾಕುತ್ತೀರಾ? ಕೀಲಿ ತೆಗೆದಾಗ ಪರದೆ ತಾನೇ ಆರುತ್ತದಾ? ಪರದೆ ಇಳಿಸಿದಾಗ ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಕಾಣುತ್ತದಾ? ಕೊನೆಯದನ್ನು ನೀವೇ ಡ್ರೈವರ್ ಸೀಟಿನಲ್ಲಿ ಕೂತು ನೋಡಿ, ಆಮೇಲೆ ತೂತು ಕೊರೆಯಲಿ.

ಮುಂದಿನ ಪರದೆಯ ಬಗ್ಗೆ ಅವರು ಇನ್ನೊಂದು ಸೇವೆ ಕೊಡೋಕೆ ಬರಬಹುದು. ಹ್ಯಾಂಡ್‌ಬ್ರೇಕ್ ಹಾಕಿದಾಗ ಮಾತ್ರ ಮುಂದೆ ವಿಡಿಯೊ ಬರುವಂತೆ ಒಂದು ವೈರ್ ಇರುತ್ತದೆ. ಅದನ್ನು ಗಾಡಿಯ ಲೋಹದ ಮೈಗೆ ಜೋಡಿಸಿಬಿಟ್ಟರೆ ಓಡುವಾಗಲೂ ಮುಂದೆ ಸಿನಿಮಾ ಬರುತ್ತದೆ. "ಬೇಡಣ್ಣ, ಅದನ್ನ ಹಾಗೇ ಬಿಡಿ" ಅನ್ನಿ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಓಡಿಸುವವರು ದಾರಿಯ ನಕ್ಷೆ ಬಿಟ್ಟು ಬೇರೆ ವಿಡಿಯೊ ನೋಡುವ ಹಾಗಿಲ್ಲ. ನಿಯಮ ಇರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ದಾರಿಯಲ್ಲಿ ಕೈಕೊಟ್ಟರೆ

ಚಿತ್ರ ಕಪ್ಪು ಬಿಳುಪಾಗಿದ್ದರೆ ಅಥವಾ ಮೇಲೆ ಕೆಳಗೆ ಉರುಳುತ್ತಿದ್ದರೆ ಪಾಲ್, ಎನ್‌ಟಿಎಸ್‌ಸಿ ಅನ್ನೋ ಎರಡು ಟಿವಿ ಪದ್ಧತಿಗಳು ಅದಲು ಬದಲಾಗಿವೆ. ನಮ್ಮಲ್ಲಿ ಪಾಲ್. ಅದನ್ನು ಸೆಟಪ್‌ನಲ್ಲಿ ಬದಲಿಸಬಹುದು, ಅದೂ ಗಾಡಿ ನಿಲ್ಲಿಸಿದಾಗ. ಎವಿ ತಂತಿಯಲ್ಲಿ ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಸೌಂಡಿಗೆ. ಹಳದಿ ಸಡಿಲವಾದರೆ ಚಿತ್ರ ಮಾತ್ರ ಹೋಗುತ್ತದೆ. ಎಲ್ಲವೂ ಹೆಪ್ಪುಗಟ್ಟಿದಂತೆ ನಿಂತರೆ ಪರದೆಯನ್ನು ಆರಿಸಿ ಒಂದು ನಿಮಿಷ ಬಿಟ್ಟು ಹಾಕಿ. ಏಪ್ರಿಲ್ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ ಪರದೆ ಮಂಕಾಗಿ ಬಂದರೆ, ಎಸಿ ಹಾಕಿ ಗಾಡಿ ತಣ್ಣಗಾಗುವವರೆಗೆ ಕಾಯಿರಿ.

ದೀಪವೂ ಹತ್ತುತ್ತಿಲ್ಲ ಅಂದರೆ ಫ್ಯೂಸ್. ಬದಲಿಸುವಾಗ ಅದರ ಮೇಲೆ ಬರೆದ ಆಂಪಿಯರ್ ಸಂಖ್ಯೆಯದ್ದೇ ಹಾಕಬೇಕು. 5 ಇದ್ದ ಕಡೆ 15 ಹಾಕಿದರೆ ಟಿವಿ ಹತ್ತಬಹುದು, ಆಮೇಲೆ ವೈರ್ ಸುಡುತ್ತದೆ. ಹೊಸದು ಹಾಕಿದ ಕೂಡಲೇ ಮತ್ತೆ ಹೋದರೆ ಬಿಟ್ಟುಬಿಡಿ, ಊರಿಗೆ ಹೋಗಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಇದ್ಯಾವುದಕ್ಕೂ ಬಗ್ಗದ ತೊಂದರೆಯಾದರೆ ಹಿಂದಿನವರು ಮುಂದಿನ ಟೋಲ್ ದಾಟಿ ಟೀಗೆ ನಿಲ್ಲಿಸುವವರೆಗೆ ಕಾಯಬೇಕು. ಇದು ನಮ್ಮ ಮನೆಯ ಒಪ್ಪಂದ. ಮಗಳು ಈಗ ಅದಕ್ಕೊಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದಾಳೆ. "03 ಓಡ್ತಿಲ್ಲ" ಅಂತ ಬರೆದಿಟ್ಟು, ಗಾಡಿ ನಿಂತ ಮೇಲೆ ತೋರಿಸುತ್ತಾಳೆ.

ಊರು ತಲುಪಿದ ಮೇಲೆ ಪರದೆ ಆರಿಸಿ, ಮಡಚಿ, ಕೊಂಡಿ ಕಟಕ್ ಅಂದಿದ್ದು ಕೇಳಿಸಿಕೊಳ್ಳಿ. ಪೆನ್‌ಡ್ರೈವ್ ಕಿತ್ತು ಡಬ್ಬಿಗೆ ಹಾಕಿ. ಗೆರೆ ಬೀಳದ ಹಾಗೆ ಒಣ ಮೆತ್ತನೆ ಬಟ್ಟೆಯಿಂದ ಪರದೆ ಒರೆಸಿ, ಗಾಜಿಗೆ ಹೊಡೆಯುವ ಸ್ಪ್ರೇ ಬೇಡ. ಮುಂದಿನ ಪ್ರಯಾಣ ತಿಂಗಳುಗಟ್ಟಲೆ ದೂರ ಇದ್ದರೆ ರಿಮೋಟು, ಹೆಡ್‌ಫೋನುಗಳ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಒಳಗೇ ಸೋರಿ ತುಕ್ಕು ಹಿಡಿಸುತ್ತವೆ. ರಿಮೋಟಿಗೆ ಒಂದೇ ಜಾಗ ಗೊತ್ತುಮಾಡಿ. ನಮ್ಮದು ಎಡಗಡೆ ಸೀಟಿನ ಹಿಂದಿನ ಜೇಬಿನಲ್ಲಿ, ಅಮ್ಮನ ಕೈಗೆ ಸಿಗುವ ಹಾಗೆ ಇರುತ್ತದೆ.